ಮಾವನ ಧ್ವನಿಯೂ ನನ್ನ ಸೊನ್ನೆಯೂ

ಹಳೆಯದನ್ನು ಗುಜರಿಗೆ ಹಾಕಿ, ಹೊಸದನ್ನು ಮನೆಗೆ ತಂದು, ಮರುದಿನದಿಂದಲೇ ‘ಎಷ್ಟಂದರೂ ಹಳೆಯದರ ಹಾಗಿಲ್ಲ ನೋಡು’ ಎಂದು ಗೊಣಗುವುದು ಮನುಷ್ಯ ಮಾತ್ರ ಮಾಡುವ ಕೆಲಸ. ಎಮ್ಮೆಯನ್ನು ಹೊಸ ಕೊಟ್ಟಿಗೆಯಲ್ಲಿ ಕಟ್ಟಿದರೆ ಒಂದು ದಿನ ಕೂಗುತ್ತದೆ, ಎರಡನೆಯ ದಿನ ಹಿಂಡಿ ತಿಂದು ಸುಮ್ಮನಾಗುತ್ತದೆ. ಮನುಷ್ಯ ಹಾಗಲ್ಲ. ಒರಳುಕಲ್ಲನ್ನು ಹಿತ್ತಲಿಗೆ ಉರುಳಿಸಿ, ಗ್ರೈಂಡರ್ ಕೊಂಡು, ಆಮೇಲೆ ‘ಒರಳಿನ ರುಚಿ’ ಎಂದು ಬರೆದ ಚಟ್ನಿಪುಡಿಯನ್ನು ಅಂಗಡಿಯಲ್ಲಿ ಹುಡುಕುತ್ತಾನೆ. ಇದನ್ನು ಹೇಳಿ ನಾನು ಯಾರನ್ನೂ ಬಯ್ಯುತ್ತಿಲ್ಲ. ಈ ಗೊಣಗಾಟ ಲೋಕದಲ್ಲಿ ನಿಂತುಹೋದರೆ ಮೊದಲು ಕೆಲಸ ಕಳೆದುಕೊಳ್ಳುವವಳು ನಾನೇ. ಹಿಂದಿನ ಕಾಲದ ಸ್ಟುಡಿಯೋಗಳಲ್ಲಿ ಮೈಕುಗಳ ಧ್ವನಿ ಬೆರೆಸಿ ಹದ ಮಾಡುವ, ಮಂಚದಷ್ಟು ದೊಡ್ಡ ಮಿಕ್ಸರುಗಳಿದ್ದವು. ಹಾಡುವವರ ಧ್ವನಿ ಅವುಗಳೊಳಗಿನ ತಂತಿ, ಸುರುಳಿಗಳನ್ನೆಲ್ಲ ದಾಟಿ ಹೊರಗೆ ಬರುವಾಗ ಅದಕ್ಕೊಂದು ಹದ ಬಂದಿರುತ್ತಿತ್ತು. ಕಂಪ್ಯೂಟರ್ ಬಂದದ್ದೇ ಎಲ್ಲರೂ ಅವನ್ನು ಮೂಲೆಗೆ ತಳ್ಳಿದರು, ಈಗ ಆ ಹದ ಬೇಕೆಂದು ಹಲುಬುತ್ತಾರೆ. ನಾನು ಶಿರಸಿಯ ನಮ್ಮ ಮನೆಯ ಮಹಡಿಯ ಮೇಲೆ ಕುಳಿತು, ಅಂಥ ಹಳೆಯ ಯಂತ್ರದ ಗುಣ ಅವಗುಣಗಳನ್ನೆಲ್ಲ ಅಳೆದು, ಕಂಪ್ಯೂಟರಿನೊಳಗೆ ಅದರಂತೆಯೇ ನಡೆದುಕೊಳ್ಳುವ ಪುಟ್ಟ ತಂತ್ರಾಂಶ ಬರೆಯುತ್ತೇನೆ. ಪ್ಲಗಿನ್ ಎನ್ನುತ್ತಾರೆ.

ಇದನ್ನು ಊರಿನವರಿಗೆ ವಿವರಿಸುವುದು ಬರೆಯುವುದಕ್ಕಿಂತ ಕಷ್ಟ. ‘ಹಳೇ ಮಿಕ್ಸರ್ ಕೆಲಸ’ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದಕ್ಕೆ ಪಕ್ಕದ ಮನೆಯ ಸರಸಕ್ಕ ಮರುದಿನವೇ ತಮ್ಮ ಮಿಕ್ಸಿ ಹೊತ್ತು ತಂದು, “ಚಟ್ನಿ ನುಣ್ಣಗೆ ಆಗ್ತಿಲ್ಲೆ ತಂಗಿ, ಸ್ವಲ್ಪ ನೋಡು” ಎಂದರು. ನೋಡಿದೆ. ಬ್ಲೇಡಿಗೆ ತೆಂಗಿನ ನಾರು ಸುತ್ತಿಕೊಂಡಿತ್ತು, ತೆಗೆದುಕೊಟ್ಟೆ. ಆ ಕೇರಿಯಲ್ಲಿ ನನ್ನ ವಿದ್ಯೆಗೆ ಸಿಕ್ಕ ಮೊದಲ ಗೌರವ ಅದು. ಅತ್ತೆ ಮಾತ್ರ ಹಾಗೆಲ್ಲ ಬಿಡುವವರಲ್ಲ. ನನ್ನ ಪರದೆಯ ಮೇಲೆ ಕಂಡ ಪದವೊಂದನ್ನು ಹಿಡಿದು, “ಈಕ್ವಲೈಸರ್ ಹೇಳಿರೆ ಎಂತದೇ? ಎಲ್ಲಾ ಸಮ ಮಾಡದಾ?” ಎಂದು ಕೇಳಿದರು. ಹೆಸರು ಮಾತ್ರ ಹಾಗೆ, ಕೆಲಸ ಪೂರಾ ಉಲ್ಟಾ ಎಂದೆ. ಧ್ವನಿಯಲ್ಲಿ ದಪ್ಪ, ನಡು, ಚೂಪು ಎಂದು ಪಾಲುಗಳಿರುತ್ತವೆ. ಒಂದನ್ನು ಹೆಚ್ಚಿಸಿ ಇನ್ನೊಂದನ್ನು ಅಡಗಿಸುವುದೇ ಇದರ ಕಸುಬು, ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದು ಕಣ್ಣಿಗೆ ಸುಣ್ಣ ಅಂತಾರಲ್ಲ, ಅದೇ ಎಂದು ಬಿಡಿಸಿ ಹೇಳಿದೆ. ಅತ್ತೆ ಹೀರೇಕಾಯಿ ಹೆರೆಯುವುದನ್ನು ನಿಲ್ಲಿಸದೆ, “ಅಯ್ಯೋ, ಎನ್ನ ಅತ್ತೆ ಯಾವ ಮಷಿನ್ನೂ ಇಲ್ದೇ ಅದನ್ನ ಮಾಡ್ತಿತ್ತು” ಎಂದರು.

ಈಗ ನಿಜವಾದ ಸಂಕಟಕ್ಕೆ ಬರುತ್ತೇನೆ. ನನ್ನ ಮಾವ ತಾಳಮದ್ದಳೆಯ ಭಾಗವತರು. ತಾಳಮದ್ದಳೆಯೆಂದರೆ ವೇಷವಿಲ್ಲದ ಯಕ್ಷಗಾನ. ಅರ್ಥಧಾರಿಗಳು ಪಂಚೆ ಉಟ್ಟು ಸಾಲಾಗಿ ಕುಳಿತು ಮಾತಿನಲ್ಲೇ ಯುದ್ಧ ಮಾಡುತ್ತಾರೆ, ಭಾಗವತರು ನಡುವೆ ಪದ್ಯ ಹೇಳಿ ಕಥೆ ನಡೆಸುತ್ತಾರೆ. ಮಾವನ ಕಂಠಕ್ಕೆ ಶಿರಸಿ, ಸಿದ್ದಾಪುರದ ಕಡೆಯೆಲ್ಲ ಒಳ್ಳೆಯ ಹೆಸರು. ಅವರ ಕಾರ್ಯಕ್ರಮಗಳಿಗೆ ಯಾವಾಗಲೂ ಯಲ್ಲಾಪುರದ ಇಸ್ಮಾಯಿಲ್ ಸಾಬರದೇ ಮೈಕ್‌ಸೆಟ್. ಹೋದ ವರ್ಷ ಸಾಬರು ತಮ್ಮ ತಂದೆಯ ಕಾಲದ ಮಿಕ್ಸರನ್ನು ಗೋದಾಮಿಗೆ ಸೇರಿಸಿ ಹೊಸ ಡಿಜಿಟಲ್ ಮಿಕ್ಸರ್ ತಂದರು. ಮಾವ ಅದರಲ್ಲಿ ಒಂದು ಕಾರ್ಯಕ್ರಮ ಮಾಡಿದರು. ಮನೆಗೆ ಬಂದು ಜಾಗಟೆ ಮೂಲೆಗಿಟ್ಟು, “ಎನ್ನ ಧ್ವನಿಯನ್ನ ತೊಳ್ದು ಹಿಂಡಿ ಒಣಗ್ಸಿದಾಂಗೆ ಕೇಳ್ತು. ಅದು ಆನಲ್ಲ. ಇನ್ನು ಆನು ಪದ್ಯ ಹೇಳ್ತ್ನಿಲ್ಲೆ” ಎಂದರು. ನಮ್ಮ ಮನೆಮಾತಿನಲ್ಲಿ ‘ಆನು’ ಎಂದರೆ ‘ನಾನು’. ಎರಡು ದಿನದ ಮುನಿಸು ಎಂದುಕೊಂಡೆವು. ತಿಂಗಳುಗಳೇ ಕಳೆದವು. ಬಚ್ಚಲಲ್ಲೂ ಗುನುಗುತ್ತಿರಲಿಲ್ಲ.

ಹಾಡದ ಭಾಗವತರನ್ನು ಮನೆಯಲ್ಲಿಟ್ಟುಕೊಂಡವರಿಗೇ ಗೊತ್ತು ಆ ಕಷ್ಟ. ಮಾವ ಅಡುಗೆಮನೆಗೆ ಕಾಲಿಟ್ಟರು. ಸಾಸಿವೆ ಸಿಡಿಯುವಾಗ ಪಕ್ಕದಲ್ಲಿ ನಿಂತು “ಈಗ ಇಳಸು, ಈಗ” ಎಂದರು. ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದರು, ಅತ್ತೆ ಜೀರಿಗೆಯೆಂದು ಓಮ ಹಾಕಿ ಸಾರು ಮಾಡಿದರು. ನನ್ನ ಗಂಡ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಪಾರಾಗುತ್ತಿದ್ದರು. ಒಂದು ದಿನ ಅತ್ತೆ ಸೌಟು ಹಿಡಿದುಕೊಂಡೇ ಮಹಡಿ ಹತ್ತಿ ಬಂದು, “ಇವ್ಕೆ ಎಂತಾದ್ರೂ ಮಾಡೇ ತಂಗಿ, ಇಲ್ಲದ್ರೆ ಆನೇ ಪದ್ಯ ಹೇಳಲೆ ಹೋಗ್ತೆ” ಎಂದರು. ಹೇಳಿ ನಗಲಿಲ್ಲ. ಬಾಗಿಲಲ್ಲೇ ನಿಂತು, “ಮನೆ ಭಣಗುಡ್ತು” ಎಂದರು. ಆ ಮಾತು ನನಗೆ ಚುಚ್ಚಿತು. ಸಾಬರ ಹಳೆಯ ಮಿಕ್ಸರನ್ನೇ ನಾನು ತಂತ್ರಾಂಶ ಮಾಡಿಕೊಡುತ್ತೇನೆ, ಮಾವ ಮತ್ತೆ ಹಾಡುತ್ತಾರೆ ಎಂದು ಜಂಬದಿಂದ ಮಾತು ಕೊಟ್ಟೆ.

ಯಲ್ಲಾಪುರದ ಗೋದಾಮಿನಲ್ಲಿ ಆ ಮಿಕ್ಸರ್ ಶಾಮಿಯಾನದ ಬಟ್ಟೆಗಳ ನಡುವೆ ಮಲಗಿತ್ತು. ಮುಂಬಯಿಯ ಯಾವುದೋ ಸ್ಟುಡಿಯೋ ಮುಚ್ಚಿದಾಗ ಅಲ್ಲಿದ್ದ ಈ ವಿದೇಶಿ ಯಂತ್ರವನ್ನು ಸಾಬರ ತಂದೆ ಲಾರಿಯಲ್ಲಿ ಹಾಕಿಸಿಕೊಂಡು ಬಂದದ್ದಂತೆ. ಅದನ್ನೇ ಮತ್ತೆ ಬಳಸಬಹುದಲ್ಲ ಎಂದು ಕೇಳಿದೆ. “ಎತ್ಲಿಕ್ಕೆ ನಾಲ್ಕು ಜನ ಬೇಕ್ರಿ ಅಕ್ಕಾ. ಅರ್ಧ ತಾಸು ಆದ್ಮೇಲೆ ಹೊಗೆ ಬರ್ತದೆ. ಮುಟ್ಟಿದ್ರೆ ಕರೆಂಟು ಹೊಡೀತದೆ. ಹೊಡೀಲಿ ಅಂದ್ರೂ ಭಾಗವತ್ರಿಗೆ ಹೊಡೀಬಾರದಲ್ಲ?” ಎಂದರು ಸಾಬರು. ದಪ್ಪ, ನಡು, ಚೂಪಿನ ಮೂರು ನಾಬುಗಳ ಸುತ್ತ ಬರೆದಿದ್ದ ಅಂಕಿಗಳೆಲ್ಲ ಕೈ ತಾಗಿ ತಾಗಿ ಅಳಿಸಿಹೋಗಿದ್ದವು. ಆದರೆ ಒಂದೊಂದು ನಾಬಿನ ಪಕ್ಕ ಒಂದೊಂದು ಬಿಳಿಯ ಗುರುತು ಗಟ್ಟಿಯಾಗಿ ಉಳಿದಿತ್ತು. ಏನದು ಎಂದೆ. “ಕಂಪನಿ ಗುರ್ತು. ಅಬ್ಬಾನ ಕೈಯಿಂದ ನನ್ನ ಕೈಗೆ ಬರೋವಾಗ ಅದೊಂದೇ ಉಳಿದಿತ್ತು. ನಾಬಿನ ಗೀರು ಅದಕ್ಕೆ ಸರಿ ನಿಲ್ಲಿಸಿದ್ರೆ ಆಯ್ತು, ಮತ್ತೆ ಮುಟ್ಟೋದೇ ಬೇಡ. ಭಾಗವತ್ರು ಖುಷ್, ಜನ ಖುಷ್” ಎಂದರು.

ನನಗೆ ಸ್ವರ್ಗ ಮೂರೇ ಗೇಣು. ಹಳೆಯ ಯಂತ್ರದಲ್ಲಿ ಸೊನ್ನೆ ಸಿಗುವುದೇ ದುರ್ಲಭ. ಸೊನ್ನೆಯೆಂದರೆ ನಾಬು ಯಾವುದನ್ನೂ ಹೆಚ್ಚಿಸದೆ ಯಾವುದನ್ನೂ ತಗ್ಗಿಸದೆ ಸುಮ್ಮನಿರುವ ಜಾಗ. ಉಳಿದ ಅಳತೆಯೆಲ್ಲ ಅಲ್ಲಿಂದಲೇ ಶುರು. ಇಲ್ಲಿ ಕಂಪನಿಯವರೇ ಬಿಳಿ ಗುರುತು ಹಾಕಿ ಇಟ್ಟಿದ್ದಾರೆ! ಮಿಕ್ಸರ್ ಹೊಗೆಯಾಡುವುದರೊಳಗೆ ಒಂದಿಷ್ಟು, ಆರಿದ ಮೇಲೆ ಮತ್ತೊಂದಿಷ್ಟು ಎಂದು ಹಲವು ಸಲ ಬಸ್ಸಿನಲ್ಲಿ ಓಡಾಡಿ ಅಳೆದೆ. ಮಹಡಿಯಲ್ಲಿ ಕುಳಿತು ಬರೆದೆ. ಇಂಥ ತಂತ್ರಾಂಶಕ್ಕೆ ಮುಖವೂ ಹಳೆಯ ಯಂತ್ರದಂತೆಯೇ ಇರಬೇಕು. ಇಲ್ಲದಿದ್ದರೆ ಗಿರಾಕಿಗೆ ಧ್ವನಿಯೂ ಹಳೆಯದಾಗಿ ಕೇಳುವುದಿಲ್ಲ. ಹಾಗಾಗಿ ಪ್ಯಾನೆಲಿನ ಫೋಟೋ ತೆಗೆದು, ತುಕ್ಕು, ಗೀಚು ಸಮೇತ ಪರದೆಯ ಮೇಲೆ ಮೂಡಿಸಿದೆ. ಬಿಳಿ ಗುರುತುಗಳ ಮೇಲೆ ವಿಶೇಷ ಮಮತೆ. ಒಂದೊಂದಕ್ಕೂ ಕೆಳಗೆ ಸಣ್ಣ ಬಾಲವಿತ್ತು. ಯಾರೋ ಕುಶಲಕರ್ಮಿ ಕುಂಚದಲ್ಲಿ ಎಳೆದದ್ದೇ ಇರಬೇಕು ಎಂದು ಪರಿಚಯದ ಸಾಲುಗಳಲ್ಲಿ ಅವನನ್ನು ಹೊಗಳಿಯೂ ಬರೆದೆ.

ಧ್ವನಿ ಕೇಳಿಸುವ ಮೊದಲು ಚಿತ್ರ ತೋರಿಸೋಣವೆಂದು ಮಾವನನ್ನು ಮಹಡಿಗೆ ಕರೆದೆ. ಅವರು ಕವಳದ, ಅಂದರೆ ಎಲೆ ಅಡಿಕೆ ಸುಣ್ಣದ, ತಟ್ಟೆ ಸಮೇತ ಬಂದು ಕಿಟಕಿಯ ಬಳಿ ಕುಳಿತರು. ಎಲೆಗೆ ಸುಣ್ಣ ಹಚ್ಚುತ್ತಾ ಪರದೆ ನೋಡಿದರು. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. “ಓಹೋ, ಅದೇ ಮಿಕ್ಸರು! ಈ ಬಿಳೀದೆಂತದೇ?” ಎಂದರು. ನಾನು ಕಂಪನಿ, ಕುಂಚ, ಕುಶಲಕರ್ಮಿ ಎಂದು ಎರಡು ನಿಮಿಷ ಮಾತಾಡಿದೆ. ಮಾವ ಕೇಳುವಷ್ಟು ಕೇಳಿ, “ಇದು ಸುಣ್ಣ ಅಲ್ದನೇ?” ಎಂದರು. ಯಾವ ಸುಣ್ಣ ಎಂದೆ. “ಎನ್ನ ಸುಣ್ಣ. ಸಾಬ್ರ ಅಪ್ಪನ ಕಾಲದಲ್ಲಿ ಮೈಕಿನವ್ರು ಎನ್ನ ಬಗಲಲ್ಲೇ ಕೂತ್ಕತ್ತಿದ್ದ. ಪದ್ಯದ ಮಧ್ಯ ಕವಳ ಹಾಕದು, ಬೆರಳಲ್ಲಿ ಉಳ್ದಿದ್ದನ್ನ ಕೈಗೆ ಸಿಕ್ಕಿದ್ದಕ್ಕೆ ಒರಸದು” ಎನ್ನುತ್ತಲೇ ಬೆರಳನ್ನು ನನ್ನ ಕಿಟಕಿಯ ಚೌಕಟ್ಟಿಗೆ ಒರೆಸಿದರು. ಮೇಲೆ ಚುಕ್ಕೆ, ಕೆಳಗೆ ಸಣ್ಣ ಬಾಲ. ನಾನು ಓಡಿಹೋಗಿ ಕೆಳಗೆ ಅವರ ಕುರ್ಚಿಯ ಪಕ್ಕದ ಗೋಡೆ ನೋಡಿದೆ. ಅಲ್ಲಿ ಅಂಥ ಕಂಪನಿ ಗುರುತುಗಳು ಒಂದು ಸಂತೆಯಷ್ಟಿದ್ದವು. ಈ ಸೀಮೆಯಲ್ಲಿ ಕವಳ ಹಾಕುವವರ ಮನೆಯ ಯಾವ ಕಂಬ ಬಿಳಿಯಾಗಿಲ್ಲ ಹೇಳಿ? ದಿನವೂ ಅದನ್ನೇ ನೋಡಿಕೊಂಡು ಸಂಸಾರ ಮಾಡುವ ನನಗೆ, ಅದು ಮಿಕ್ಸರಿನ ಮೇಲೆ ಕಂಡಕೂಡಲೇ ವಿದೇಶದ ಕುಶಲಕಲೆಯಾಗಿ ತೋರಿತು. ನನ್ನ ಬುದ್ಧಿಗಿಷ್ಟು!

ಧ್ವನಿ ಕೇಳಿಸುವ ಮಾತೆತ್ತದೆ ಕಂಪ್ಯೂಟರ್ ಮುಚ್ಚಿದೆ. ಮತ್ತೆ ಯಲ್ಲಾಪುರ. ಮಿಕ್ಸರಿನ ಹೊಟ್ಟೆ ಬಿಚ್ಚಿಸಿ, ಒಳಗಿನಿಂದಲೇ ಅಳೆದು ನಿಜವಾದ ಸೊನ್ನೆ ಹುಡುಕಿದೆ. ಅದು ಸುಣ್ಣದಿಂದ ಎಲ್ಲಿಯೋ ದೂರವಿತ್ತು. ಸುಣ್ಣದ ಜಾಗದಲ್ಲಿ ದಪ್ಪ ಹೆಚ್ಚು, ಚೂಪು ಕಮ್ಮಿ. ಸಾಬರಿಗೆ ವಿಷಯ ಹೇಳಿದರೆ ಅವರು ತಲೆಯ ಮೇಲೆ ಕೈಯಿಟ್ಟು, “ಯಾ ಅಲ್ಲಾ, ಇಷ್ಟು ವರ್ಷ ನಾನು ಸುಣ್ಣಕ್ಕೆ ಸಲಾಂ ಹೊಡೀತಿದ್ನಾ?” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ಬಂತು. ಆದರೆ ಅತ್ತೆಗೆ ಕೊಟ್ಟ ಮಾತು ಹಾಗೇ ಇತ್ತು. ಎಲ್ಲ ಹೊಸದಾಗಿ ಬರೆದು, ತಪ್ಪು ಹುಡುಕಿದರೂ ಸಿಗದಂಥ ಶುದ್ಧ ಪ್ಲಗಿನ್ ಮಾಡಿದೆ. ಮಾವನನ್ನು ಕಾಡಿಬೇಡಿ ಒಂದೇ ಒಂದು ಪದ್ಯವನ್ನು ಮೈಕಿಗೆ ಹೇಳಿಸಿಕೊಂಡು, ಅದಕ್ಕೆ ಹಚ್ಚಿ ಕೇಳಿಸಿದೆ. ಮಾವ ಕಣ್ಣು ಮುಚ್ಚಿ ಕೇಳಿದರು. ಬಾಗಿಲಲ್ಲಿ ಅತ್ತೆ ನಿಂತಿದ್ದರು. “ಸಪ್ಪೆ” ಎಂದರು ಮಾವ. ಏಳಲು ಕುರ್ಚಿಯ ಕೈಗೆ ಕೈ ಕೊಟ್ಟರು.

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಹಾಳಾಗಿ ಹೋಗಲಿ ಎಂದು ಆ ಸುಣ್ಣದ ಸೊನ್ನೆಯ ಹಳೆಯ ಪ್ಲಗಿನ್ನನ್ನೇ ಹಾಕಿದೆ. ಎದ್ದು ಹೊರಟಿದ್ದ ಮಾವ ನಿಂತರು. ಮತ್ತೆ ಕುಳಿತರು. ಬಲಗೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕತೊಡಗಿತು. ಪದ್ಯ ಮುಗಿದ ಮೇಲೂ ತಾಳ ನಿಲ್ಲಿಸದೆ, “ಇದು ಆನು” ಎಂದರು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಲೆಯ ಮೇಲೆ ಹಾಲಿದೆ ಎಂದು ಇಳಿದುಹೋದರು. ಹಾಲೇನೂ ಇರಲಿಲ್ಲ. ಸಾಬರು ವರ್ಷಗಟ್ಟಲೆ ನಾಬನ್ನು ಸುಣ್ಣಕ್ಕೇ ಸರಿಯಾಗಿ ನಿಲ್ಲಿಸಿದ್ದರಿಂದ, ಮಾವನಿಗೂ ಊರಿಗೂ ಇಷ್ಟವಾದ ಆ ಧ್ವನಿ ಸುಣ್ಣದ ಧ್ವನಿಯೇ ಆಗಿತ್ತು. ನನ್ನ ಶುದ್ಧ ಸೊನ್ನೆಯನ್ನು ಈ ಲೋಕದಲ್ಲಿ ಯಾರೂ ಒಮ್ಮೆಯೂ ಕೇಳಿರಲಿಲ್ಲ.

ವಿದ್ಯೆಯ ಅಭಿಮಾನ ಬಿಡಲಾಗದೆ ಪ್ಲಗಿನ್ನಿನಲ್ಲಿ ಎರಡನ್ನೂ ಇಟ್ಟೆ. ಒಂದು ಗುಂಡಿ ‘ಶುದ್ಧ’, ಇನ್ನೊಂದು ‘ಸುಣ್ಣ’. ಕೊಂಡವರೆಲ್ಲ ಸುಣ್ಣವನ್ನೇ ಒತ್ತುತ್ತಾರೆ. ಜರ್ಮನಿಯ ಒಬ್ಬ ಮಹಾಶಯರು, ಸುಣ್ಣ ಎಂಬ ಇಂಜಿನಿಯರರು ಯಾವ ಕಾಲದವರು, ಅವರ ಇನ್ನಿತರ ಕೆಲಸಗಳೇನಾದರೂ ಸಿಗುತ್ತವೆಯೇ ಎಂದು ಗೌರವದಿಂದ ವಿಚಾರಿಸಿದ್ದರು. ನಮ್ಮ ಮನೆಯ ಗೋಡೆಯ ಫೋಟೋ ಕಳಿಸೋಣವೇ ಎಂದು ಗಂಡ ಕೇಳಿದರು.

ಹುಲೇಕಲ್ಲಿನ ಒಂದು ಸಭಾಭವನದಲ್ಲಿ ಭಾನುವಾರ ಮಧ್ಯಾಹ್ನ ತಾಳಮದ್ದಳೆ ಗೊತ್ತಾಯಿತು. “ಒಂದು ಪದ್ಯ ಹೇಳಿ ನೋಡ್ತೆ. ಸರಿ ಆಗದಿದ್ರೆ ಎದ್ದು ಬತ್ತೆ” ಎಂದು ಮಾವ ಮೊದಲೇ ಷರತ್ತು ಹಾಕಿದ್ದರು. ಸಾಬರು ಹೊಸ ಮಿಕ್ಸರಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸಿ, “ಇವತ್ತು ನಿಮ್ದೇ ರಾಜ್ಯ ಅಕ್ಕಾ. ಭಾಗವತ್ರ ಪದ್ಯ ಮುಗಿದ ಕೂಡ್ಲೆ ಅರ್ಥಧಾರಿ ಮೈಕ್ ಏರಿಸಿ, ಅಷ್ಟೇ” ಎಂದು ಕುರ್ಚಿ ಬಿಟ್ಟುಕೊಟ್ಟು ಚಹಾಕ್ಕೆ ಹೋದರು. ಅಷ್ಟೇ ತಾನೇ? ಇಷ್ಟು ಓದಿದವಳಿಗೆ ಅದೇನು ಮಹಾ ಕೆಲಸ! ಮದ್ದಳೆ ಶ್ರುತಿಗೆ ಬಂತು. ಮಾವ ಜಾಗಟೆ ಹಿಡಿದು ಮೊದಲ ಸಾಲು ಎತ್ತಿದರು. ಆ ದಪ್ಪ ಕಂಠ ಸಭಾಭವನದ ಮೂಲೆಮೂಲೆಗೂ ಇಳಿಯಿತು. ನಾಲ್ಕನೆಯ ಸಾಲಿನಲ್ಲಿ ಕುಳಿತ ಅತ್ತೆ ಪಕ್ಕದವರ ಕೈ ಹಿಡಿದುಕೊಂಡರು. ಮಾವ ಏಳಲಿಲ್ಲ. ಒಂದಾದ ಮೇಲೆ ಎರಡನೆಯ ಪದ್ಯಕ್ಕೆ ಹೋದರು, ಮೂರನೆಯದನ್ನು ಕಣ್ಣು ಮುಚ್ಚಿ ಹೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಗೆದ್ದೆ ಎನಿಸಿತು, ಮೂಗು ಒರೆಸಿಕೊಳ್ಳುತ್ತಾ ಹಾಗೇ ಕುಳಿತುಬಿಟ್ಟೆ.

ಏನೋ ನಿಶ್ಶಬ್ದ ಎನಿಸಿ ತಲೆ ಎತ್ತಿದರೆ, ವೇದಿಕೆಯಲ್ಲಿ ರಾಜನ ಪಾತ್ರದ ಅರ್ಥಧಾರಿಗಳು ಕೈ ಬೀಸಿ ಬೀಸಿ ಸಿಟ್ಟಿನಿಂದ ಏನೋ ಹೇಳುತ್ತಿದ್ದಾರೆ. ಒಂದಕ್ಷರವೂ ಕೇಳುತ್ತಿಲ್ಲ. ಇಡೀ ಸಭೆ ಕುರ್ಚಿ ತಿರುಗಿಸಿಕೊಂಡು ನನ್ನನ್ನೇ ನೋಡುತ್ತಿದೆ. ನನ್ನ ಕೈಗೆ ಯಾವ ನಾಬೂ ಸಿಗುತ್ತಿಲ್ಲ. ಆಗ ಮಾವ ತಮ್ಮ ಮೈಕಿಗೆ ಬಾಗಿ, ಹಳೆಯ ಮಿಕ್ಸರಿನ ಹದವೆಲ್ಲ ತುಂಬಿದ ಆ ಧ್ವನಿಯಲ್ಲಿ, ಹೊರಗೆ ಚಹಾ ಕುಡಿಯುತ್ತಿದ್ದವರಿಗೂ ಕೇಳುವಂತೆ ಹೇಳಿದರು: “ಆನು ಸರಿ ಆದೆ ತಂಗಿ. ಈಗ ರಾಜಂಗೆ ಮೈಕ್ ಕೊಡೇ!”