ಮಾವನ ಕಲ್ಲು

ಸೋಮವಾರ ಬೆಳಿಗ್ಗೆ ಡೊಂಬಿವ್ಲಿಯ ಪಕ್ಕದ ಮನೆಯ ಫೋನಿಗೆ ಸುದ್ದಿ ಬಂದಾಗ ಮೋಹನದಾಸ ಒಂದು ಕೆನ್ನೆ ಮಾತ್ರ ಬೋಳಿಸಿದ್ದ. ಬೇಲಾಪುರದ ಸೋದರಮಾವ ನಸುಕಿನಲ್ಲಿ ತೀರಿಕೊಂಡಿದ್ದರು. ಇನ್ನೊಂದು ಕೆನ್ನೆಯ ಸಾಬೂನು ಕಣ್ಣೀರಿನಲ್ಲೇ ತೊಳೆದುಹೋಯಿತು.

ತಂದೆ ಸತ್ತ ವರ್ಷ ಅವನನ್ನು ಉಡುಪಿಯಿಂದ ಕರೆತಂದು ಅನ್ನ, ಅಕ್ಷರ ಕೊಟ್ಟವರು ಮಾವ. ಅವರಿಗೆ ಮಕ್ಕಳಿರಲಿಲ್ಲ. "ನಿನ್ನಿಂದ ಒಂದು ಕೆಲಸ ಸರಿಯಾಗಿ ಆದದ್ದು ನೋಡಿ ಸಾಯಬೇಕು" ಎನ್ನುತ್ತಿದ್ದರು. ನೋಡದೆಯೇ ಹೋದರು. ಉತ್ತರಕ್ರಿಯೆಯಾದರೂ ತಪ್ಪಿಲ್ಲದೆ ನಡೆಯಲಿ ಎಂದು ದೇವರಿಗೆ ಕೈಮುಗಿದು ಮೋಹನದಾಸ ಹೆಂಡತಿ ಜಯಲತಾಳೊಡನೆ ಹೊರಟ.

ಮಾವನಿಗೆ ಗುಡ್ಡದ ಕಲ್ಲುಕೋರೆಯಲ್ಲಿ ಕ್ಯಾಂಟೀನು ಇತ್ತು, ಗೇರಿನ ಪಕ್ಕದ ಸಣ್ಣ ಲಿವರ್ ಎಳೆದರೆ ನಾಲ್ಕೂ ಚಕ್ರ ಎಳೆಯುವ ಹಳೆಯ ಜೀಪಿತ್ತು. ಎದುರಿನ ಗುಡಿಗೂ ಅವರು ನಡೆದು ಹೋದವರಲ್ಲ. ಹ್ಯಾಂಡ್‌ಬ್ರೇಕ್ ಹೆಸರಿಗೆ ಮಾತ್ರ. ಅದರ ಕೆಲಸಕ್ಕೆ ಸೀಟಿನಡಿ ಒಂದು ಕರಿಕಲ್ಲು. "ಇಳಿಜಾರಲ್ಲಿ ಚಕ್ರ ಬದಿಗೆ ತಿರುಗಿಸು, ಗೇರು ಹಾಕು, ಸಣ್ಣ ಲಿವರ್ ನೋಡು, ಕಲ್ಲಿಡಿಸು, ಆಮೇಲೆ ಇಳಿ. ಸಣ್ಣ ಲಿವರ್ ನಡುವೆ ನಿಂತರೆ ಗೇರು ಇದ್ದೂ ಸತ್ತ ಹಾಗೆ." ಇಪ್ಪತ್ತು ವರ್ಷ ಹೇಳಿದ್ದರು. ಮೋಹನದಾಸನಿಗೆ ನಾಲ್ಕರಲ್ಲಿ ಒಂದು ಯಾವಾಗಲೂ ಮರೆಯುತ್ತಿತ್ತು.

ಸ್ಮಶಾನದಲ್ಲಿ ಭಟ್ಟರು ನೀರಿನ ಮಡಕೆ ತೂತು ಮಾಡಲು ಕಲ್ಲು ಕೇಳಿದರು. ಹೋದವರ ಜೀವ ಆ ಕಲ್ಲಿನಲ್ಲೇ ನೆಲೆಸುವುದು. ಸಿಮೆಂಟು ಅಂಗಳದಲ್ಲಿ ಹರಳೂ ಸಿಗಲಿಲ್ಲ.

"ಜೀಪಲ್ಲಿ ಮಾವನದ್ದೇ ಕಲ್ಲು ಉಂಟಲ್ಲ," ಎಂದಳು ಜಯಲತಾ.

"ಅದು ಗಾಲಿ ಕಲ್ಲರೀ ಅಕ್ಕಾರ!" ಎಂದ ಕಲಬುರಗಿಯ ಅಂಬಾರಾಯ. ಹತ್ತು ವರ್ಷ ಮಾವನ ಜೊತೆ ಜೀಪಿನಲ್ಲಿ ತಿರುಗಿದವನು. ಯಾರೂ ಕೇಳಲಿಲ್ಲ.

ಕ್ರಿಯೆ ಮುಗಿಯಿತು. "ಊರಲ್ಲಾದರೆ ಈ ಕಲ್ಲನ್ನು ಹತ್ತು ದಿನ ಇಟ್ಟುಕೊಳ್ಳಬೇಕಿತ್ತು," ಎಂದರು ಭಟ್ಟರು. "ನಿಮ್ಮ ಬಿಲ್ಡಿಂಗಿನವರು ಬಿಡ್ಲಿಕ್ಕಿಲ್ಲ. ಸೂರ್ಯ ಮುಳುಗುವ ಮೊದಲು ಖಾಡಿಯ ಹಿನ್ನೀರಿಗೆ ಬಿಟ್ಟುಬಿಡಿ."

ಭಟ್ಟರೂ ಸೇರಿ ನಾಲ್ವರು ಜೀಪು ಹತ್ತಿದರು. ಬೇಗ ತಲುಪಲೆಂದು ಮೋಹನದಾಸ ಸಣ್ಣ ಲಿವರ್ ಎಳೆದು ನಾಲ್ಕೂ ಚಕ್ರಕ್ಕೆ ಜೋರು ಕೊಟ್ಟ. ಕೆಸರಿಗೆ ಸರಿ, ಡಾಂಬರಿಗೆ ಅಲ್ಲ. ಖಾಡಿಯ ಇಳಿಜಾರಿಗೆ ಬರುವಷ್ಟರಲ್ಲಿ ಮುಂದಿನ ಚಕ್ರಗಳು ಜಗಳವಾಡಿದ ಎತ್ತುಗಳಂತೆ ಬಿಗಿದು ನರಳಿದವು. ನಿಲ್ಲಿಸಿದರೆ ಜೀಪು ಜಾರತೊಡಗಿತು. ಅಂಬಾರಾಯ ಹಾರಿದವನೇ, ಅಭ್ಯಾಸಬಲದಿಂದ, ಜಯಲತಾಳ ಮಡಿಲಲ್ಲಿ ಬಿಳಿ ಬಟ್ಟೆ ಸುತ್ತಿಕೊಂಡಿದ್ದ ಕಲ್ಲನ್ನೇ ಕಸಿದು ಚಕ್ರಕ್ಕೆ ಒಡ್ಡಿದ.

ಜೀಪು ನಿಂತಿತು. ಮಾವ ಮತ್ತೆ ಕೆಲಸಕ್ಕೆ ಹಾಜರಾಗಿದ್ದರು.

"ಶಿವ ಶಿವಾ, ಜೀವದ ಮೇಲೆ ಚಕ್ರ!" ಎಂದು ಭಟ್ಟರು ಕಿವಿ ಮುಚ್ಚಿಕೊಂಡರು.

ಅಂಬಾರಾಯ ಸಣ್ಣ ಲಿವರನ್ನು ನಡುವಿಗೆ ತಂದ. ಚಕ್ರಗಳ ಬಿಗಿತ ಸಡಿಲಿತು. "ಬ್ಯಾರೆ ಕಲ್ಲ ತರ್ತೀನ್ರಿ. ಅಲ್ಲೀತನ ಇದನ್ನ ಮುಟ್ಟಬ್ಯಾಡ್ರಿ," ಎಂದು ಗುಡ್ಡದ ಕಡೆ ಓಡಿದ.

ಸೂರ್ಯ ಕೆಂಪಾದ. ಅಂಬಾರಾಯನ ಸುಳಿವಿಲ್ಲ.

"ಎಂಥ ನೋಡ್ತೀರಿ ಮಾರಾಯ್ರೇ? ಮುಳುಗಿದ ಮೇಲೆ ಬಿಡ್ಲಿಕ್ಕಾಗುದಿಲ್ಲ," ಎಂದರು ಭಟ್ಟರು.

ಮೋಹನದಾಸ ಮಾವನ ಮಾತು ನೆನೆದ. ಚಕ್ರ ಬದಿಗೆ ತಿರುಗಿಸಿದ. ಗೇರು ಹಾಕಿದ. ಇನ್ನೇನೋ ಒಂದಿತ್ತು, ನೆನಪಾಗಲಿಲ್ಲ. ಇಳಿದು, ಕಲ್ಲು ಮೆಲ್ಲಗೆ ಎಳೆದು ಕಣ್ಣಿಗೊತ್ತಿಕೊಂಡ. ಜೀಪು ಅಲುಗಲಿಲ್ಲ. ಜನ್ಮದಲ್ಲಿ ಮೊದಲ ಸಲ ಒಂದು ಕೆಲಸ ಸರಿಯಾಗಿ ಆಗಿತ್ತು. ನೀರಿನತ್ತ ನಾಲ್ಕು ಹೆಜ್ಜೆ ಇಟ್ಟ.

"ರೀ!" ಎಂದು ಜಯಲತಾ ಕಿರುಚಿದಳು.

ಹಿಂದಿನಿಂದ ಜೀಪು ಸದ್ದಿಲ್ಲದೆ ಬರುತ್ತಿತ್ತು. 'ಕಲ್ಲಿಡೋ!' ಮಾವನ ಇಪ್ಪತ್ತು ವರ್ಷದ ಬೈಗುಳ ಅವನ ಕೈಯೊಳಗಿನ ಕಲ್ಲಿನಿಂದಲೇ ಕೂಗಿತು. ಕಲ್ಲನ್ನು ಚಕ್ರದಡಿ ಎಸೆದು ಹಾರಿದ. ಚಕ್ರ ಕಲ್ಲನ್ನು ನೂಕಿಕೊಂಡೇ ಹೋಯಿತು. ಕಲ್ಲು ಮೊದಲು ನೀರಿಗೆ ಬಿತ್ತು, ಬೆನ್ನಿಗೇ ಜೀಪು.

ಗುಳ್ಳೆಗಳು ನಿಂತವು. ಭಟ್ಟರು ಪಶ್ಚಿಮಕ್ಕೆ ನೋಡಿದರು. ಸೂರ್ಯ ಇನ್ನೂ ಅರ್ಧ ಉಳಿದಿದ್ದ. "ವಿಸರ್ಜನೆ ಸಮಯಕ್ಕೆ ಆಯ್ತು," ಎಂದರು.

ಅಂಬಾರಾಯ ಹೆಗಲ ಮೇಲೆ ದೊಡ್ಡ ಕಲ್ಲು ಹೊತ್ತು ಏದುಸಿರು ಬಿಡುತ್ತ ಬಂದ. ಖಾಲಿ ಇಳಿಜಾರು ನೋಡಿದ. "ಸಣ್ಣ ಲಿವರ್ ನೋಡಿದ್ರೇನ್ರಿ?" ಎಂದ.

ಮರೆತ ಆ ಒಂದು ಯಾವುದೆಂದು ಮೋಹನದಾಸನಿಗೆ ಈಗ ಹೊಳೆಯಿತು. ಜಯಲತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಿಡಿ. ಮಾವ ಎಲ್ಲಿಗಾದರೂ ನಡೆದು ಹೋದದ್ದು ಉಂಟಾ?"

ಮನೆಗೆ ಮಾತ್ರ ನಾಲ್ವರೂ ನಡೆದೇ ಹೋಗಬೇಕಿತ್ತು. ಅದಕ್ಕೂ ಮೊದಲು ಮೋಹನದಾಸ ನೀರಿನ ಕಡೆ ತಿರುಗಿ ಕೈಮುಗಿದ. ಮತ್ತೆ ಅಳು ಬಂತು.

"ದೇವರೇ, ನನ್ನ ಮಾವನಿಗೆ ಶಾಂತಿ ಕೊಡು. ಅವರು ಸೇರುವ ಲೋಕದ ನೆಲ ಸಮತಟ್ಟಾಗಿರಲಿ."