ತೊಟ್ಟಿಲು ಕಟ್ಟಗೊಡದ ಗಂಡ

ನನ್ನ ಗಂಡನಿಗೆ ಮನುಷ್ಯರ ಮುಖ ಕಾಣಿಸುವುದಿಲ್ಲ, ಸೂರು ಮಾತ್ರ ಕಾಣಿಸುತ್ತದೆ. ಅದರಲ್ಲೂ ಬೀಮು ಬಂದು ಕಂಬಕ್ಕೆ ಕೂಡುವ ಮೂಲೆ! ನನ್ನನ್ನು ನೋಡಲು ಬಂದ ದಿನವೂ ಮೇಲೆಯೇ ನೋಡುತ್ತ ಕುಳಿತಿದ್ದರು. ಹುಡುಗ ಎಷ್ಟು ಸಂಕೋಚದವನು ಎಂದು ನಮ್ಮವರೆಲ್ಲ ಮೆಚ್ಚಿಕೊಂಡರು!

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೇಷ್ಟ್ರು. ಕಾಂಕ್ರೀಟಿನಲ್ಲಿ ಕಂಬ, ಬೀಮು ಎರಕ ಹೊಯ್ದು, ಅವು ಕೂಡುವ ಮೂಲೆಗೆ ಗಾಜಿನ ನಾರಿನ ಬಟ್ಟೆಯನ್ನು ಅಂಟು ಬಳಿದು ಸುತ್ತಿ, ಒಣಗಿಸಿ, ಆಮೇಲೆ ಮುರಿಯುವುದೇ ಅವರ ಸಂಶೋಧನೆ. ಒಂದು ಸಂಜೆ ಸಿಹಿ ಕುಂದಾದ ಪೊಟ್ಟಣ ಹಿಡಿದು ಕುಣಿಯುತ್ತ ಬಂದರು. ಬಡ್ತಿ ಸಿಕ್ಕಿತೆಂದುಕೊಂಡೆ.

"ಬೀಮ್ ಮುರೀತು!"

"ಮುರಿದಿದ್ದಕ್ಕ ಕುಂದಾ ಏನ್ರೀ?"

"ಮೂಲಿ ಉಳೀತಲ್ಲ! ಬೀಮ್ ಮೊದಲ ಬಾಗಿದ್ರ ಮಂದಿಗೆ ಹೊರಗ ಓಡಾಕ ಟೈಮ್ ಸಿಗ್ತೈತಿ. ಮೂಲಿ ಹೋದ್ರ ಮನೀನ ಹೋತು."

ಇಂಥವರ ಜೊತೆ ಸಂಸಾರ!

ಗುಜರಾತಿನಲ್ಲಿ ಭೂಮಿ ನಡುಗಿದ ವರ್ಷ. ಖಾನಾಪುರದ ನನ್ನ ತವರಿನಲ್ಲಿ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಹಳೆಯ ಮನೆಯ ಮೇಲೆ ತಮ್ಮ ಆಗಷ್ಟೇ ಮಹಡಿ ಏರಿಸಿದ್ದ. ನಡುಮನೆಯ ಬೀಮಿಗೆ ತೊಟ್ಟಿಲ ಹಗ್ಗ ಕಟ್ಟುತ್ತಿದ್ದಂತೆ, ಮೂಲೆಯ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಕಂಡು ನಮ್ಮ ಯಜಮಾನರು ಕಿರುಚಿದರು:

"ನಿಲ್ಲಸ್ರಿ! ಕೂಸನ್ನ ಇದರ ಕೆಳಗ ಹಾಕಬ್ಯಾಡ್ರಿ!"

ಶುಭಕಾರ್ಯದಲ್ಲಿ ಆಡುವ ಮಾತೇ ಇದು? ಹಾಡುತ್ತಿದ್ದ ಹೆಂಗಸರು ಅರ್ಧಕ್ಕೇ ನಿಲ್ಲಿಸಿದರು. ತಮ್ಮ ಕೆಂಡವಾದ. "ಭಾವಾರ, ಇದು ಮನಿ ಐತಿ, ನಿಮ್ಮ ಲ್ಯಾಬ್ ಅಲ್ಲ!"

ಇವರಿಗೆಲ್ಲಿ ಕೇಳಿಸಬೇಕು? ಕುರ್ಚಿ ಹತ್ತಿ, ಏಲಕ್ಕಿ ಕುಟ್ಟುವ ಕಲ್ಲಿನಿಂದ ಮೂಲೆಗೆ ಮೆತ್ತಿದ್ದ ಗಿಲಾವನ್ನು ಕೆಡವಿಯೇಬಿಟ್ಟರು! ಹೊಸ ಬಣ್ಣದ ಗೋಡೆ! ಹೋಳಿಗೆಯ ಬುಟ್ಟಿ ತುಂಬ ಸಿಮೆಂಟಿನ ಪುಡಿ!

ಗಿಲಾವಿನ ಹಿಂದೆ ಕಾಂಕ್ರೀಟು ಓರೆಯಾಗಿ, ಉಗುರು ತೂರುವಷ್ಟು ಸೀಳು ಬಿಟ್ಟಿತ್ತು. ತಮ್ಮ ತಾನೇ ತೊಟ್ಟಿಲ ಹಗ್ಗ ಬಿಚ್ಚಿದ. ನಾನು ಬಿಡುತ್ತೇನೆಯೇ?

"ಊಟಾ ಆದಮ್ಯಾಲ ಹೇಳಾಕ ಬರ್ತಿರಲಿಲ್ಲೇನ್ರಿ?"

"ಅಲ್ಲೀತನಾ ಕೂಸು ಅದರ ಕೆಳಗ ಇರ್ತಿತ್ತಲ್ಲ."

ಕೂಸನ್ನು ನೆರೆಮನೆಗೆ ಸಾಗಿಸಿ, ಬೀಮಿಗೆ ಆಸರೆ ಕೊಟ್ಟು, ಬೆಳಗಾವಿಯಿಂದ ಅದೇ ನಾರಿನ ಬಟ್ಟೆಯ ಸುರುಳಿ, ಅಂಟು ಎಲ್ಲ ತಂದರು. ಸೀಳು ತುಂಬಿ, ಮೂಲೆಗೆ ಬಟ್ಟೆ ಸುತ್ತಿ, ಒಳಗೆ ಗಾಳಿ ಉಳಿಯದಂತೆ ಉಜ್ಜಿ ಉಜ್ಜಿ ಒತ್ತಿದರು. ಇದ್ದ ಒಂದೇ ಜೊತೆ ಗ್ಲೌಸನ್ನು ಸಹಾಯಕ್ಕೆ ಕರೆದ ಗಾರೆ ಕೆಲಸದ ಗೌಂಡಿಗೆ ಕೊಟ್ಟಿದ್ದರಂತೆ! ಸಂಜೆ ಅವರ ಬೆರಳುಗಳು ಅಂಟು ಮೆತ್ತಿ ಕಟ್ಟಿಗೆಯಾಗಿದ್ದವು. ತಟ್ಟೆಯ ಮುಂದೆ ಪೆಚ್ಚಾಗಿ ಕುಳಿತರು. ಹಾಗೇ ಆಗಬೇಕು ಎಂದು ನಾನು ಮುಖ ತಿರುಗಿಸಿದೆ.

ನಮ್ಮವ್ವ ಅಳಿಯನ ಎದುರು ನಿಂತವಳೇ ಅಲ್ಲ. ಏನಿದ್ದರೂ ಬಾಗಿಲ ಮರೆಯಿಂದಲೇ ಮಾತು. ಆ ಸಂಜೆ ತಲೆಯ ಮೇಲೆ ಸೆರಗೆಳೆದುಕೊಂಡು ಬಂದಳು. ಅವರ ಮುಂದೆ ಕುಳಿತು ಅನ್ನ ಕಲಸಿದಳು.

"ಬಾಯಿ ತಗೀರಿ" ಎಂದಳು.

ಅವರು ಬಾಯಿ ತೆರೆದರು. ತುತ್ತು ಬಾಯಲ್ಲಿಟ್ಟುಕೊಂಡೇ, ಸೂರನ್ನಲ್ಲ, ಅವ್ವನ ಮುಖವನ್ನೇ ನೋಡುತ್ತ ಕುಳಿತುಬಿಟ್ಟರು. ಅವ್ವ ಮುಂದಿನ ತುತ್ತು ಹಿಡಿದುಕೊಂಡು ಕಾದಳು.