ಪಕ್ಕದವರ ಮಳೆಗೊಂದು ಬಾಕ್ಸ್

ಮಳೆ ಅಳೆಯುವವರ ಸಹವಾಸಕ್ಕೆ ಬಿದ್ದರೆ ಇಂಥವು ಆಗ್ತಾನೇ ಇರುತ್ತವೆ. ಜಾವಾ ಕಲಿಸಿದ ಮೇಷ್ಟ್ರು ಇದನ್ನು ಮಾತ್ರ ಹೇಳಿರಲಿಲ್ಲ.

ಎರಡು ಸಾವಿರದ ಐದಾರರ ಹೊತ್ತಿಗೆ ಮೂಡಿಗೆರೆಯಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಅಂಗಡಿ ಇತ್ತು. ಎಲ್ಲಾ ಎಸ್ಟೇಟುಗಳ ಮಳೆ ಒಂದೇ ಕಡೆ ಕಾಣುವ ಹಾಗೆ ವೆಬ್‌ಸೈಟ್ ಮಾಡಿಕೊಡು ಅಂತ ಬೆಳೆಗಾರರ ಸಂಘದವರು ಕೇಳಿದರು. ಕಾಫಿ ಮೊಗ್ಗು ಅರಳಿಸುವ ಹೂಮಳೆ ಬರುವಷ್ಟರಲ್ಲಿ ಸರಿಯಾಗಿ ನಡೆದರೆ ಕೆಲಸ ನನಗೆ. ಇಲ್ಲದಿದ್ದರೆ ಅಂಗಡಿ ಶಟರ್ ಎಳೆಯೋದೇ.

೧. ಒಂದೇ ಬಾಕ್ಸಾ?

ಪ್ರತಿ ಎಸ್ಟೇಟಿನವರೂ ದಿನದ ಲೆಕ್ಕ ತುಂಬಲಿ ಅಂತ ನಾನು ಪುಟದಲ್ಲಿ ‘ಮಳೆ’ ಅನ್ನೋ ಒಂದೇ ಬಾಕ್ಸ್ ಇಟ್ಟಿದ್ದೆ. ಮೊದಲು ನೋಡಿದ ಎಸ್ಟೇಟ್ ಸಾಹುಕಾರ್ರು ನಕ್ಕೇ ಬಿಟ್ಟರು.

“ಒಂದೇ ಬಾಕ್ಸಾ ಮಾರಾಯ? ಬಂಗ್ಲೆ ಹತ್ರ ಬಿದ್ದ ಮಳೆ ಹೊಳೆ ಬದಿಗೂ ಬೀಳುತ್ತಾ?”

ಅವರ ತೋಟದಲ್ಲಿ ಮಳೆ ಮಾಪಕ ನಾಲ್ಕು, ಕಳಸದವರೊಬ್ಬರಲ್ಲಿ ಏಳು. ವೆಬ್‌ಸೈಟ್ ಕಟ್ಟಲು ಬಳಸಿದ್ದ ಜಾವಾ ಫ್ರೇಮ್‌ವರ್ಕಿಗೋ ಪ್ರತಿ ಬಾಕ್ಸಿನ ಹೆಸರೂ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದ ಹೆಸರು ಬಂದರೆ ಕಂಡೇ ಇಲ್ಲ ಅನ್ನೋ ಹಾಗೆ ಬಿಟ್ಟುಬಿಡುತ್ತಿತ್ತು. ತಲೆ ಕೆಟ್ಟುಹೋಯ್ತು. ಕೊನೆಗೆ, ಬಾಕ್ಸ್ ಎಷ್ಟು ಬೇಕಾದರೂ ಸೇರಿಸಿಕೊಳ್ಳಿ, ಹೆಸರೂ ನೀವೇ ಇಡಿ ಅಂದೆ. ಬಂದದ್ದನ್ನೆಲ್ಲ ಹೆಸರಿನ ಚೀಟಿ ಕಟ್ಟಿ ‘ಮ್ಯಾಪ್’ ಅನ್ನೋ ಒಂದೇ ಚೀಲಕ್ಕೆ ತುಂಬಿದೆ. ಅದು ನಡೆಯಿತು! ನಾನು ಕುಣಿಯೋದೊಂದು ಬಾಕಿ.

ಸಾಹುಕಾರ್ರಿಗೂ ಖುಷಿ. “ಹಾಗಾದ್ರೆ ನಾಯಿಗೂಡಿನ ಹಿಂದೆಯೂ ಒಂದು ಮಾಪಕ ಇಡಿಸ್ತೇನೆ. ಬಾಕ್ಸ್ ಹೇಗೂ ಪುಕ್ಕಟೆ!”

೨. ಹೇಳೋ ಮಳೆ

ಹೆಸರು ನೀವೇ ಇಡಿ ಅಂದದ್ದು ಎಡವಟ್ಟಾಯ್ತು. ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಎರಡು ಬಾಕ್ಸ್ ಮಾಡಿದ್ದರು. ಒಂದು ‘ಬಿದ್ದ ಮಳೆ’, ಇನ್ನೊಂದು ‘ಸಾಹುಕಾರ್ರಿಗೆ ಹೇಳೋ ಮಳೆ’.

“ಇದೇನ್ರೀ?” ಅಂದೆ.

“ಅವ್ರಿಗೆ ಬಿಪಿ ಉಂಟಲ್ಲ ಸಾರ್. ಮಳೆ ಕಮ್ಮಿ ಅಂದ್ರೆ ತಿಂಡಿ ಮುಟ್ಟಲ್ಲ. ಇಂಚಿಗೆ ನೂರು ಸೆಂಟ್ ಅಲ್ವಾ, ಒಂದು ಹತ್ತು ಸೆಂಟ್ ಸೇರಿಸಿ ಹೇಳ್ತೀನಿ. ಎರಡು ಕಡುಬು ಹೆಚ್ಚಿಗೆ ತಿಂತಾರೆ.”

ಅಷ್ಟರಲ್ಲಿ ಆ ಎಸ್ಟೇಟಿನ ಸಾಹುಕಾರ್ರೇ ಪುಟ ತೆರೆದು ನೋಡಿಬಿಟ್ಟಿದ್ದರು. ರೈಟರ ಕತೆ ಮುಗೀತು ಅಂದುಕೊಂಡೆ. ಸಾಹುಕಾರ್ರದೇ ಫೋನು ಬಂತು.

“ಅವನಿಗೇನೂ ಅನ್ನಬೇಡ ಮಾರಾಯ. ಬೆಳಿಗ್ಗೆ ತಿಂಡಿಗೆ ಮುಂಚೆ ಎರಡನೇ ಬಾಕ್ಸ್ ಮಾತ್ರ ನಂಗೆ ತೋರಿಸು. ತಿಂಡಿ ಆದ್ಮೇಲೆ ಮೊದಲ್ನೇದು ನೋಡ್ತೀನಿ.”

೩. ಪಕ್ಕದವರದ್ದು

ಸಂಘದ ಅಧ್ಯಕ್ಷರು ಅತ್ತಿಗುಂಡಿ ಕಡೆಯ ಹಿರಿಯರು. ಕೆಲಸ ಕೊಡೋದು ಬಿಡೋದು ಅವರ ಕೈಲಿ. ಆ ವರ್ಷ ಅವರ ತೋಟದ ಮೊಗ್ಗು ಒಣಗುತ್ತಾ ನಿಂತಿತ್ತು. ಸಂಘಕ್ಕೆ ಸೇರದ ಬೇಲಿಯಾಚೆಯ ತೋಟಕ್ಕೆ ಮಾತ್ರ ಎರಡು ಸಲ ಮಳೆ ಹೊಡೆದಿತ್ತು. ಆ ಹೊಟ್ಟೆಉರಿಗೆ ಅವರು ‘ಪಕ್ಕದವನ ಮಳೆ’ ಅಂತಲೇ ಒಂದು ಬಾಕ್ಸ್ ಮಾಡಿ, ದಿನಾ ಕೇಳಿ ತಿಳಿದು ತುಂಬುತ್ತಿದ್ದರು.

ನನ್ನ ಪ್ರೋಗ್ರಾಂ ಚೀಲದಲ್ಲಿದ್ದದ್ದನ್ನೆಲ್ಲ ಕೂಡಿಸುತ್ತಿತ್ತು. ಸಂಘದ ಸಭೆಯಲ್ಲಿ ಎಲ್ಲರೆದುರು ಪಟ್ಟಿ ತೆರೆದೆ. ಹನಿಯೂ ಬೀಳದ ಅಧ್ಯಕ್ಷರ ತೋಟ ಮಳೆಯಲ್ಲಿ ಎಲ್ಲರಿಗಿಂತ ಮೇಲೆ! ಸಭೆ ಗೊಳ್ಳೆಂದಿತು.

“ಮೊಗ್ಗು ಸಾಯ್ತಾ ಉಂಟು, ನಿಂಗೆ ತಮಾಷೆಯಾ?” ಅಂತ ಅವರು ಎದ್ದೇ ಹೋದರು. ಆವತ್ತೇ ಕೂತು, ‘ಇದು ನಮ್ಮ ತೋಟದ್ದು’ ಅಂತ ಗುರುತು ಹಾಕಿದ ಬಾಕ್ಸನ್ನಷ್ಟೇ ಕೂಡಿಸುವ ಹಾಗೆ ತಿದ್ದಿದೆ. ಆದರೆ ಅವರಿಗೆ ಫೋನ್ ಮಾಡೋ ಧೈರ್ಯ ಬರಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಅವರದ್ದೇ ಫೋನು. “ನೋಡಿದ್ಯಾ? ರಾತ್ರಿ ನಮ್ಮ ತೋಟಕ್ಕೆ ಒಂದು ಇಂಚು ಇಪ್ಪತ್ತು ಸೆಂಟ್! ಲೆಕ್ಕ ಸರಿಯಾಗಿ ತೋರಿಸ್ತಾ ಉಂಟು. ಕೆಲಸ ನಿಂದೇ.”

ನನಗೆ ಕಣ್ಣೇ ತುಂಬಿ ಬಂತು. ಆ ಖುಷಿಯಲ್ಲಿ, “ಹಾಗಾದ್ರೆ ಆ ಪಕ್ಕದವರ ಬಾಕ್ಸ್ ತೆಗೆದುಬಿಡ್ಲಾ ಸಾರ್?” ಅಂದೆ.

“ಏಯ್, ಮುಟ್ಟಬೇಡ! ಅದನ್ನ ಸ್ವಲ್ಪ ದೊಡ್ಡದು ಮಾಡು ಮಾರಾಯ. ಈ ಸಲ ಅವನಿಗೆ ಸೊನ್ನೆ. ಎಲ್ರಿಗೂ ಕಾಣ್ಲಿ!”